ಹೆಬ್ಬೆರಳು

ಕನೋರಾ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಗುರುವಾರ ಸಂಜೆ ಏಳು ಹೆಂಗಸರು, ಏಳು ಕತ್ತರಿ.
ಹೊರಗೆ ಮೈನಸ್ ಮೂವತ್ತೊಂದು.
ಕಾರುಗಳು ಗೋಡೆಯ ಪ್ಲಗ್ಗಿಗೆ ಬಾಲ ಸಿಕ್ಕಿಸಿಕೊಂಡು
ಕಟ್ಟಿಹಾಕಿದ ದನಗಳ ಹಾಗೆ ಸಾಲಾಗಿ ನಿಂತಿವೆ.

ನಾನು ತಂದದ್ದು ಒಂದು ಬೂಟಿನ ಡಬ್ಬ.
ಅಮ್ಮನ ಹಿಮದ ಬೂಟು, ಅಳತೆ ಆರು.
ಅದರೊಳಗೆ ಇಪ್ಪತ್ತೇಳು ಕ್ರಿಸ್‌ಮಸ್ಸು,
ಅದೂ ನಮ್ಮವು, ಜನವರಿ ಆರರ ರಾತ್ರಿಯವು,
ಊರವರ ಗಿಡಗಳೆಲ್ಲ ಬೀದಿಗೆ ಬಿದ್ದ ಮೇಲೆ
ತಡವಾಗಿ ಬಂದು ಬಾಗಿಲು ತಟ್ಟುವಂಥವು.

ಡಾರ್ಲೀನ್ ಕಲಿಸುತ್ತಾಳೆ:
ಆಮ್ಲವಿಲ್ಲದ ಅಂಟು, ಹಳದಿಗಟ್ಟದ ಕಾಗದ,
ಪುಟಕ್ಕೊಂದು ಕತೆ, ಬೇಡದ್ದಕ್ಕೆ ಕತ್ತರಿ.
ತಲೆಯಾಡಿಸುತ್ತೇನೆ.
ನನ್ನ ಕತೆಗಳು ಪುಟದಲ್ಲಿ ನಿಲ್ಲುವ ಜಾತಿಯವಲ್ಲ
ಎಂದು ಹೇಳಲು ಹೋಗುವುದಿಲ್ಲ.

ಮೇಜುಬಟ್ಟೆಯಡಿ ಹಾಸುತ್ತಿದ್ದ ಒಣಹುಲ್ಲು, ಎರಡೇ ಎಳೆ,
ಲಕೋಟೆಯೊಂದರಲ್ಲಿ ಸಿಕ್ಕಿತು. ಮೂಸಿದೆ. ಬೂಟಿನ ವಾಸನೆ.
ಅಂಟಿಸಿದೆ.
ಆಮೇಲೆ ಕುತ್ಯಾದ ಫೋಟೋ:
ಬೇಯಿಸಿದ ಗೋಧಿ, ಜೇನು, ಗಸಗಸೆ.
ದೀದೊ ತಾತ ಒಂದು ಚಮಚ ತುಂಬಿ ಸೂರಿಗೆ ಎಸೆಯುತ್ತಿದ್ದ.
ಎಷ್ಟು ಕಾಳು ಅಂಟಿತೋ ಅಷ್ಟು ಒಳ್ಳೆಯ ವರ್ಷ.
ನಾವೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದೇವೆ,
ದೇವದೂತರು ಇಳಿದದ್ದು ಕಂಡ ಕುರುಬರ ಹಾಗೆ,
ಇಳಿಯುತ್ತಿರುವುದು ಮಾತ್ರ ಗಂಜಿ.
ಓರೆಸ್ಟನ ಹಣೆಗೆ ಒಂದು ಕಾಳು.

ಎಡಮೂಲೆಯಲ್ಲಿ ಗುಲಾಬಿ ಮಬ್ಬು.

ಅದೇ ಮಬ್ಬು ಮರುವರ್ಷ,
ತೆಕ್ಲಾ ಅತ್ತೆಯ ಅರ್ಧ ಮುಖ ನುಂಗಿದೆ.
ಎಪ್ಪತ್ತೊಂಬತ್ತರಲ್ಲಿ ಹನ್ನೆರಡು ಬಗೆಯ ಅಡುಗೆಯಲ್ಲಿ
ಮೂರು ಬಗೆ ಅದರ ಹಿಂದೆ.
ಡಾರ್ಲೀನ್ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದಳು.
"ಇದನ್ನು ಕತ್ತರಿಸಿಬಿಡಿ. ಯಾರದೋ ಹೆಬ್ಬೆರಳು."

ಯಾರದೋ!
ಬೀಟ್‌ರೂಟ್ ಹೆಚ್ಚಿ ಹೆಚ್ಚಿ ಉಗುರಿನ ಸುತ್ತ
ಜನವರಿ ಪೂರ್ತಿ ಕೆಂಪಾಗಿರುತ್ತಿದ್ದದ್ದು,
ವರೆನಿಕಿ ಕಡುಬಿನ ಅಂಚು ಒತ್ತಿ ಒತ್ತಿ
ತುದಿ ಚಪ್ಪಟೆಯಾಗಿದ್ದದ್ದು,
ಎಂಜಲು ತಾಗಿಸಿ ನನ್ನ ಗಲ್ಲದ ಜೇನು ಒರೆಸಿದ್ದು,
ಓರೆಸ್ಟ್ ಸುಳ್ಳು ಹೇಳಿದಾಗೆಲ್ಲ ಅವನ ಕಿವಿಯ ಹಿಂದಿದ್ದದ್ದು.
ಕ್ಯಾಮೆರಾ ಮನೆಗೆ ಬಂದ ದಿನದಿಂದ
ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲೇ ಇಲ್ಲ.
"ಪರಾಸ್ಕಾ, ಬೆರಳು ತೆಗಿ!" ಅಪ್ಪ ಕೂಗುತ್ತಿದ್ದ.
ಅವಳು ಬೇರೆ ಯಾವುದೋ ಬೆರಳು ತೆಗೆಯುತ್ತಿದ್ದಳು.
ನಾವು ನಗುತ್ತಿದ್ದೆವು. ಆ ನಗುವೇ ಫೋಟೋಗೆ ಬಿದ್ದಿದೆ.

ಇಷ್ಟು ವರ್ಷದಲ್ಲಿ ಅವಳ ಮುಖ ಒಂದಿಲ್ಲ.
ಒಲೆಯ ಗಾಜಿನ ಬಾಗಿಲಲ್ಲಿ ಒಮ್ಮೆ ಏಪ್ರನ್ನಿನ ಬಿಂಬ,
ತಲೆಯಿಲ್ಲದ್ದು.

ಡಬ್ಬದ ತಳದಲ್ಲಿ ಇಪ್ಪತ್ತೇಳನೆಯದು.
ಎಂಥ ಚೊಕ್ಕ ಚಿತ್ರ!
ಮೇಣದಬತ್ತಿ ನೆಟ್ಟಗೆ, ಎಲ್ಲರ ಕಣ್ಣೂ ತೆರೆದಿದೆ.
ಇಲ್ಲದವರಿಗೆಂದು ಪ್ರತಿವರ್ಷ ಇಡುವ ಆ ಒಂದು ತಟ್ಟೆ,
ಅದರ ಪಕ್ಕದ ಚಮಚ, ಚಮಚದ ಮೇಲಿನ ಗೀರು, ಎಲ್ಲ ಸ್ಪಷ್ಟ.
ಓರೆಸ್ಟ್ ತೆಗೆದದ್ದು.
ನಾಲ್ಕು ಮೂಲೆಯೂ ಖಾಲಿ.
"ಇದು ನೋಡಿ," ಎಂದಳು ಡಾರ್ಲೀನ್,
"ಇದಕ್ಕೆ ಕತ್ತರಿಯೇ ಬೇಡ."

ಅದನ್ನು ಡಬ್ಬಕ್ಕೇ ಹಾಕಿದೆ.
ಮಿಕ್ಕವನ್ನು ಅಂಟಿಸಿದೆ, ಮಬ್ಬಿನ ಸಮೇತ,
ಒಂದು ನೂಲೂ ಕತ್ತರಿಸದೆ. ನನ್ನ ಪುಟಗಳು
ಉಳಿದ ಆರು ಜನರ ಪುಟಗಳಿಗಿಂತ ಕೊಳಕಾಗಿ ಕಂಡವು.

ಒಂಬತ್ತಕ್ಕೆ ದೀಪ ಆರಿಸಿದರು.
ಕಾರಿನ ಬಾಲ ಗೋಡೆಯಿಂದ ಕಿತ್ತು
ಸ್ಟಿಯರಿಂಗ್ ಮುಂದೆ ಕೂತೆ.
ಉಣ್ಣೆಯ ಕೈಚೀಲದಲ್ಲಿ ನಾಲ್ಕು ಬೆರಳಿಗೆ ಒಂದೇ ಮನೆ,
ಹೆಬ್ಬೆರಳಿಗೆ ಬೇರೆ ಗೂಡು.
ಅದಕ್ಕೇ ಮೊದಲು ಚಳಿ ಹಿಡಿಯುವುದು.
ಮೆಲ್ಲಗೆ ಅದನ್ನು ಒಳಗೆಳೆದು
ಉಳಿದವರ ಜೊತೆ ಕೂರಿಸಿದೆ,
ಕಾರು ಬಿಸಿಯಾಗುವವರೆಗೆ.